ಪೋಸ್ಟರ್ ನೋಡಿ ಪಲ್ಯ ತಿಂದವರುಂಟೇ?

ನಮ್ಮನೆ ಫ್ರಿಜ್ ಬಾಗಿಲ ಮೇಲೆ ಒಂದು ಪೋಸ್ಟರ್ ಇದೆ. ಎರಡು ವರ್ಷದ ಹಿಂದೆ ಒಂದು ಶುಗರ್ ಟೆಸ್ಟ್ ಕ್ಯಾಂಪಿನಲ್ಲಿ ಕೊಟ್ಟಿದ್ದು. ದುಂಡನೆಯ ತಟ್ಟೆ. ಅದರಲ್ಲಿ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಬೇಳೆಕಾಳು, ಉಳಿದ ಕಾಲು ಭಾಗದಲ್ಲಿ ಅನ್ನವೋ ಮುದ್ದೆಯೋ. ಫ್ರಿಜ್ ತಲೆ ಮೇಲೆ ಖಾರಾ ಮಿಕ್ಸ್ಚರ್ ಡಬ್ಬ ಇರುತ್ತದೆ. ದಿನಾ ಸಂಜೆ ಡಬ್ಬಕ್ಕೆ ಕೈ ಚಾಚುವಾಗ ಮೊಣಕೈ ಪೋಸ್ಟರಿಗೆ ತಾಗುತ್ತದೆ. ತಾಗಿ ತಾಗಿ ಅದರ ಒಂದು ಮೂಲೆ ಮಡಚಿಕೊಂಡಿದೆ. ಪೋಸ್ಟರಿನಲ್ಲಿ ಏನಿದೆ ಅಂತ ಕೇಳಿದರೆ ಮನೆಯವರೆಲ್ಲ ಕಣ್ಣು ಮುಚ್ಚಿಕೊಂಡು ಹೇಳುತ್ತೇವೆ. ಊಟದ ತಟ್ಟೆಯಲ್ಲಿ ಮಾತ್ರ ಅನ್ನದ ಗುಡ್ಡ ಮೊದಲಿನಷ್ಟೇ ಎತ್ತರ.

ಒಳ್ಳೆಯ ಆಹಾರ ತಿನ್ನಿ ಅನ್ನುವ ಜಾಹೀರಾತುಗಳಿಗೆ ಸರ್ಕಾರಗಳು ವರ್ಷವರ್ಷ ದುಡ್ಡು ಹಾಕುತ್ತವೆ. ಇವು ಕೆಲಸ ಮಾಡುತ್ತವಾ? ಒಂದೇ ಮಾತಿನ ಉತ್ತರ ಸಿಗಲ್ಲ. ಕೆಲವು ಪ್ರಚಾರಗಳು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಇನ್ನು ಕೆಲವು ಊರಿಗೆ ಊರೇ ಹಾಲು ಬದಲಿಸುವ ಹಾಗೆ ಮಾಡಿವೆ. ಯಾಕೆ ಈ ವ್ಯತ್ಯಾಸ ಅಂತ ನೋಡೋಣ. ಮೊದಲು ಸೋತ ಕಥೆ.

ದಿನಕ್ಕೆ ಐದು

1991ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹಣ್ಣು ತರಕಾರಿ ವ್ಯಾಪಾರದವರ ಜೊತೆ ಸೇರಿ 'ಫೈವ್ ಎ ಡೇ' ಅನ್ನುವ ಪ್ರಚಾರವನ್ನು ದೇಶದ ತುಂಬಾ ಶುರು ಮಾಡಿತು. ದಿನಕ್ಕೆ ಐದು ಪಾಲು ಹಣ್ಣು ತರಕಾರಿ ತಿನ್ನಿ, ಅಷ್ಟೇ. ಸರಳ ಮಾತು, ನೆನಪಿಡಲು ಸುಲಭ. 2003ರಲ್ಲಿ ಬ್ರಿಟನ್ನೂ ಇದೇ ಘೋಷಣೆ ತೆಗೆದುಕೊಂಡಿತು. ಅಲ್ಲಿ ಒಂದು ಪಾಲು ಅಂದರೆ 80 ಗ್ರಾಂ, ಐದು ಪಾಲಿಗೆ 400 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕವೂ ಅದೇ.

1991ರಲ್ಲೂ 1997ರಲ್ಲೂ ಅಮೆರಿಕದಲ್ಲಿ ಸಮೀಕ್ಷೆ ನಡೆಯಿತು. ದಿನಕ್ಕೆ ಐದು ಪಾಲು ತಿನ್ನಬೇಕು ಅಂತ ಗೊತ್ತಿದ್ದವರು ಸುಮಾರು 8%ರಿಂದ 19%ಕ್ಕೆ ಏರಿದ್ದರು. ಎರಡು ಪಟ್ಟಿಗೂ ಜಾಸ್ತಿ! ಆದರೆ ತಿಂದದ್ದೆಷ್ಟು? ಸರಾಸರಿ 3.75 ಪಾಲು ಇದ್ದದ್ದು 3.98 ಆಯಿತು. ಅಂದರೆ ದಿನಕ್ಕೆ ಕಾಲು ಪಾಲೂ ಹೆಚ್ಚಲಿಲ್ಲ, ಅರ್ಧ ಬಾಳೆಹಣ್ಣೂ ಅಲ್ಲ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳು ಇನ್ನೂ ನಿಷ್ಠುರ. 1988-94ರ ನಡುವೆ ಹಣ್ಣು ಮತ್ತು ತರಕಾರಿ ಎರಡನ್ನೂ ಹೇಳಿದಷ್ಟು ತಿನ್ನುತ್ತಿದ್ದವರು 11%. 1999-2002ರಲ್ಲಿ ಮತ್ತೆ ಅದೇ 11%. 2007ರಲ್ಲಿ ಘೋಷಣೆಯನ್ನೇ ಬದಲಿಸಿದರು.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇಲ್ಲಿ ಏನಾಯಿತು ಅಂತ ಬೇಗ ಅರ್ಥವಾಗುತ್ತದೆ. ಬುಡದಲ್ಲಿ ಜಾತ್ರೆ, ನಂದಿಯ ಹತ್ತಿರ ಬರುವಾಗ ಅರ್ಧ ಜನ ಕೂತುಬಿಟ್ಟಿರುತ್ತಾರೆ. ಜಾಹೀರಾತೂ ಹಾಗೆಯೇ. ಮೊದಲು ಅದು ಕಣ್ಣಿಗೆ ಬೀಳಬೇಕು. ಆಮೇಲೆ ನೆನಪಿರಬೇಕು. 'ಹೌದು, ಸರಿ' ಅನ್ನಿಸಬೇಕು. 'ನಾನೂ ಮಾಡಬೇಕು' ಅನ್ನಿಸಬೇಕು. ಮಾಡಬೇಕು. ಮರುದಿನ, ಮರುವಾರವೂ ಮಾಡಬೇಕು. ಒಂದೊಂದು ಮೆಟ್ಟಿಲಲ್ಲೂ ಒಂದಷ್ಟು ಜನ ಉದುರುತ್ತಾರೆ. ಎಷ್ಟು ಲಕ್ಷ ಜನ ನೋಡಿದರು, ಎಷ್ಟು ಜನ ಲೈಕ್ ಒತ್ತಿದರು ಅಂತ ವರದಿ ಬರೆಯುವವರು ಬುಡದಲ್ಲಿ ನಿಂತು ತಲೆ ಎಣಿಸುತ್ತಿರುತ್ತಾರೆ.

ಅದೂ ಅಲ್ಲದೆ, 'ದಿನಕ್ಕೆ ಐದು' ಅನ್ನುವುದು ಒಂದು ಕೆಲಸವೇ ಅಲ್ಲ. ಸಂತೆಗೆ ಹೋಗಬೇಕು, ಆರಿಸಬೇಕು, ತೊಳೆಯಬೇಕು, ಹೆಚ್ಚಬೇಕು, ಬೇಯಿಸಬೇಕು, ಮನೆಯವರು ಮೂಗು ಮುರಿದರೆ ಸಹಿಸಬೇಕು. ಐದು ಪಾಲು ಅಂದರೆ ಹೀಗೆ ಹದಿನೈದು ಇಪ್ಪತ್ತು ಸಣ್ಣ ಕೆಲಸಗಳು, ಅವೂ ದಿನಾ. ಬೀನ್ಸ್ ನಾರು ತೆಗೆಯುತ್ತಾ ಕೂತವರನ್ನು ಕೇಳಿ, ಹೇಳುತ್ತಾರೆ. ಅದು ಜಾಹೀರಾತು ಬರೆದವರ ಲೆಕ್ಕಕ್ಕೆ ಬಂದಿರಲ್ಲ.

ಒಂದೇ ಒಂದು ಹಾಲಿನ ಡಬ್ಬ

ಈಗ ಗೆದ್ದ ಕಥೆ. ನನಗೆ ಬಹಳ ಇಷ್ಟದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ. 1990ರ ದಶಕದ ನಡುಭಾಗ. ಅಲ್ಲಿನ ವಿಶ್ವವಿದ್ಯಾಲಯದ ಬಿಲ್ ರೆಗರ್ ಮತ್ತು ಸ್ಟೀವ್ ಬೂತ್-ಬಟರ್‌ಫೀಲ್ಡ್ ಅನ್ನುವ ಇಬ್ಬರು ಜನರ ಊಟ ಸುಧಾರಿಸಲು ಹೊರಟರು. (ಕೊಬ್ಬಿನ ವಿರುದ್ಧ ಹೊರಟವರ ಹೆಸರಲ್ಲೇ ಬೆಣ್ಣೆ ಇತ್ತು ನೋಡಿ.) ಎಲ್ಲರೂ ಮಾಡುವ ಹಾಗೆ 'ಕೊಬ್ಬು ಕಡಿಮೆ ಮಾಡಿ, ಆರೋಗ್ಯ ಕಾಪಾಡಿ' ಅಂತ ಬೋರ್ಡ್ ಹಾಕಬಹುದಿತ್ತು. ಹಾಕಲಿಲ್ಲ. ಅಲ್ಲಿನವರ ಊಟದಲ್ಲಿ ಕೆಟ್ಟ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು, ಎಲ್ಲಿಂದ ಜಾಸ್ತಿ ಬರುತ್ತಿದೆ ಅಂತ ಹುಡುಕಿದರು. ಸಿಕ್ಕಿದ್ದು ಹಾಲು. ಜನ ಕುಡಿಯುತ್ತಿದ್ದದ್ದು ಗಟ್ಟಿ ಹಾಲು, ಇಲ್ಲವೇ 2% ಕೊಬ್ಬಿನ ಹಾಲು. ಎರಡನೆಯದನ್ನು ಕುಡಿಯುವವರು ತಾವು ಆಗಲೇ ತೆಳು ಹಾಲಿಗೆ ಬಂದಾಯಿತು ಅಂದುಕೊಂಡಿದ್ದರು.

ಅಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಹಾಲು ಕುಡಿಯುವ ಅಭ್ಯಾಸ ಬದಲಿಸುವುದು ಕಷ್ಟ. ಆದರೆ ಜನ ಕುಡಿಯುವುದು ಫ್ರಿಜ್‌ನಲ್ಲಿ ಯಾವುದಿದೆಯೋ ಅದನ್ನೇ. ಫ್ರಿಜ್‌ಗೆ ಬರುವುದು ಅಂಗಡಿಯಲ್ಲಿ ಕೈಗೆತ್ತಿಕೊಂಡದ್ದು. ಹಾಗಿದ್ದರೆ ಬದಲಿಸಬೇಕಾದದ್ದು ಕುಡಿಯುವುದನ್ನಲ್ಲ, ಕೊಳ್ಳುವ ಆ ಎರಡು ಸೆಕೆಂಡನ್ನು. ಪಕ್ಕದ ಡಬ್ಬಕ್ಕೆ ಕೈ ಹೋದರೆ ಸಾಕು. ಹೆಚ್ಚುವುದಿಲ್ಲ, ಬೇಯಿಸುವುದಿಲ್ಲ, ಮನೆಯವರ ಜೊತೆ ಜಗಳವೂ ಇಲ್ಲ.

ಪ್ರಚಾರದ ಹೆಸರು '1% ಅಥವಾ ಕಡಿಮೆ'. ಮುಂದಿನ ಸಲ ಹಾಲು ತರುವಾಗ 1% ಕೊಬ್ಬಿನದ್ದೋ ಕೊಬ್ಬೇ ಇಲ್ಲದ್ದೋ ತನ್ನಿ, ಇಷ್ಟೇ ಕೋರಿಕೆ. ಕಾರಣವನ್ನೂ ಗ್ರಾಂ ಲೆಕ್ಕದಲ್ಲಿ ಹೇಳಲಿಲ್ಲ. ಒಂದು ಲೋಟ ಗಟ್ಟಿ ಹಾಲಿನಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಐದು ಪಟ್ಟಿ ಬೇಕನ್‌ನಲ್ಲಿ ಇರುವಷ್ಟು ಅಂದರು. ಬೇಕನ್ ಅಂದರೆ ಕೊಬ್ಬು ತೊಟ್ಟಿಕ್ಕುವ ಹಂದಿಮಾಂಸದ ಪಟ್ಟಿ. ಅಲ್ಲಿನವರು ಕಣ್ಣಾರೆ ಬಾಣಲೆಯಲ್ಲಿ ಕೊಬ್ಬು ಕರಗುವುದನ್ನು ನೋಡಿದವರು. ಪತ್ರಕರ್ತರನ್ನು ಕರೆದು, ದೊಡ್ಡ ಪ್ರಮಾಣದ ಹಾಲಿನಲ್ಲಿರುವ ಕೊಬ್ಬನ್ನು ಒಂದು ಕೊಳವೆಯಲ್ಲಿ ತುಂಬಿಸಿ ತೋರಿಸಿದರು. ಹೊಟ್ಟೆ ತೊಳಸಿದಂತಾಗಬೇಕು ಅನ್ನುವುದೇ ಉದ್ದೇಶ.

ಕ್ಲಾರ್ಕ್ಸ್‌ಬರ್ಗ್ ಮತ್ತು ಬ್ರಿಡ್ಜ್‌ಪೋರ್ಟ್ ಅನ್ನುವ ಅಕ್ಕಪಕ್ಕದ ಊರುಗಳಲ್ಲಿ ಮೊದಲು ಮಾಡಿದರು. ಪ್ರಚಾರಕ್ಕೆ ಮುಂಚೆ ಅಲ್ಲಿ ಮಾರಾಟವಾಗುತ್ತಿದ್ದ ಹಾಲಿನಲ್ಲಿ ಕಡಿಮೆ ಕೊಬ್ಬಿನದ್ದು 18%. ಮುಗಿದ ತಿಂಗಳಲ್ಲಿ 41%. ಆರು ತಿಂಗಳ ಮೇಲೆ ನೋಡಿದರೆ 35%. ಸ್ವಲ್ಪ ಇಳಿಯಿತು, ಆದರೆ ವಾಪಸ್ ಬುಡಕ್ಕೆ ಬರಲಿಲ್ಲ. ಆಮೇಲೆ ವೀಲಿಂಗ್ ಅನ್ನುವ ಊರಲ್ಲಿ ಸಭೆ, ತರಬೇತಿ ಏನೂ ಇಲ್ಲದೆ ಮಾಧ್ಯಮದ ಪ್ರಚಾರ ಮಾತ್ರ ನಡೆಸಿದರು. ಅಲ್ಲೂ ಕಡಿಮೆ ಕೊಬ್ಬಿನ ಹಾಲಿನ ಪಾಲು 29%ರಿಂದ 46%ಕ್ಕೆ ಹೋಯಿತು. ಜಾಹೀರಾತು ಹಾಕದ ಇನ್ನೊಂದು ಊರನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದರು. ಹೆಚ್ಚು ಕೊಬ್ಬಿನ ಹಾಲು ಕುಡಿಯುತ್ತಿದ್ದವರಲ್ಲಿ ಹಾಲು ಬದಲಿಸಿದ್ದೇವೆ ಅಂದವರು ವೀಲಿಂಗ್‌ನಲ್ಲಿ 34%, ಆ ಇನ್ನೊಂದು ಊರಲ್ಲಿ 4%ಕ್ಕೂ ಕಡಿಮೆ.

ಹಾಲಿನ ಕೊಬ್ಬು ನಿಜಕ್ಕೂ ಅಷ್ಟು ಕೆಟ್ಟದ್ದಾ ಅನ್ನುವ ವಾದ ಇನ್ನೂ ಮುಗಿದಿಲ್ಲ. ಅದು ಬೇರೆ ಚರ್ಚೆ. ನಾನು ನೋಡುತ್ತಿರುವುದು ಹೇಳಿದ ಮಾತು ಜನರ ಕೈಗೆ ಇಳಿಯಿತಾ ಅನ್ನುವುದನ್ನು ಮಾತ್ರ.

ನಮ್ಮಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಬೆಳಗ್ಗೆ ಆರು ಗಂಟೆಗೆ ನಂದಿನಿ ಬೂತ್ ಮುಂದೆ ನಿಂತರೆ ಸಾಕು. 'ಎರಡು ನೀಲಿ, ಒಂದು ಆರೆಂಜ್' ಅಂತ ಬಣ್ಣ ಹೇಳುತ್ತಾರೆ, ಪ್ಯಾಕೆಟ್ ಬರುತ್ತದೆ. ನೀಲಿ ಅಂದರೆ ಟೋನ್ಡ್ ಹಾಲು, 3% ಕೊಬ್ಬು. ಪ್ಯಾಕೆಟ್ ತಿರುಗಿಸಿ ಓದುವವರನ್ನು ನಾನಂತೂ ನೋಡಿಲ್ಲ. ಇಂಥ ಕಡೆ ಜಾಹೀರಾತು ಬದಲಿಸಬೇಕಾದದ್ದು ಬಾಯಿಗೆ ಬರುವ ಒಂದು ಬಣ್ಣದ ಹೆಸರು ಅಷ್ಟೇ. ಅದು ಆಗುವ ಕೆಲಸ. 'ಸಮತೋಲನ ಆಹಾರ ಸೇವಿಸಿ' ಅಂದರೆ ಬೂತಿನವನು ಯಾವ ಪ್ಯಾಕೆಟ್ ಕೊಡಬೇಕು?

ಕೇಳಿದರೆ ಎಲ್ಲರೂ ಸೊಪ್ಪೇ ತಿನ್ನುವುದು

ವೆಸ್ಟ್ ವರ್ಜೀನಿಯಾದವರು ಇನ್ನೊಂದು ಜಾಣತನ ಮಾಡಿದ್ದರು. ಜನರನ್ನು ಕೇಳಿದ್ದಲ್ಲದೆ ಅಂಗಡಿಗಳ ಮಾರಾಟದ ಲೆಕ್ಕವನ್ನೂ ತೆಗೆದುಕೊಂಡರು. ಯಾಕೆಂದರೆ ಊಟದ ವಿಷಯದಲ್ಲಿ ಜನ ಸುಳ್ಳು ಹೇಳುತ್ತಾರೆ. ಬೇಕಂತಲೇ ಅಲ್ಲ. ಡಾಕ್ಟರು 'ಸಿಹಿ ತಿಂತೀರಾ?' ಅಂದಾಗ 'ಇಲ್ಲ ಡಾಕ್ಟ್ರೇ, ಯಾವಾಗ್ಲಾದ್ರೂ ಒಮ್ಮೆ' ಅನ್ನುತ್ತೇವಲ್ಲ, ಹಾಗೆ. ನಿನ್ನೆ ಮದುವೆ ಮನೆಯಲ್ಲಿ ಎರಡನೇ ಸಲ ಹಾಕಿಸಿಕೊಂಡ ಹೋಳಿಗೆ ಆ ಹೊತ್ತಿಗೆ ನಿಜಕ್ಕೂ ಮರೆತುಹೋಗಿರುತ್ತದೆ. 'ತರಕಾರಿ ಜಾಸ್ತಿ ತಿನ್ನಿ' ಅನ್ನುವ ಜಾಹೀರಾತು ತಿಂಗಳಿಡೀ ಬಂದ ಮೇಲೆ 'ಎಷ್ಟು ತರಕಾರಿ ತಿಂತೀರಿ?' ಅಂತ ಕೇಳಿದರಂತೂ ಮುಗಿಯಿತು. ಸರಿ ಉತ್ತರ ಯಾವುದು ಅಂತ ಜಾಹೀರಾತೇ ಹೇಳಿಕೊಟ್ಟಿರುತ್ತದೆ.

ಹಾಗಾಗಿ ಪ್ರಚಾರವೊಂದು ಗೆದ್ದಿತು ಅಂತ ಓದಿದಾಗ ನಾನು ಮೊದಲು ನೋಡುವುದು ಅಳೆದದ್ದು ಹೇಗೆ ಅಂತ. ಬಿಲ್ ನೋಡಿದರಾ, ಬಾಯಿ ಮಾತು ನಂಬಿದರಾ? ಜಾಹೀರಾತು ಇಲ್ಲದ ಊರಿನ ಜೊತೆ ಹೋಲಿಸಿದರಾ? ಆರು ತಿಂಗಳ ಮೇಲೆ ಮತ್ತೆ ಹೋಗಿ ನೋಡಿದರಾ? ಉಪ್ಪಿನ ವಿಷಯದಲ್ಲಿ ಒಂದು ಅನುಕೂಲ ಇದೆ. ನಾವು ತಿಂದ ಉಪ್ಪಿನಲ್ಲಿ ಬಹುಪಾಲು ಮೂತ್ರದಲ್ಲಿ ಹೊರಗೆ ಬರುತ್ತದೆ. ಒಂದು ಇಡೀ ದಿನದ, ಅಂದರೆ 24 ಗಂಟೆಯ ಮೂತ್ರ ಸಂಗ್ರಹಿಸಿ ಪರೀಕ್ಷಿಸಿದರೆ ಎಷ್ಟು ಉಪ್ಪು ತಿಂದಿರಿ ಅಂತ ಗೊತ್ತಾಗಿಬಿಡುತ್ತದೆ. ಮೂತ್ರಕ್ಕೆ ಸಂಕೋಚ ಇಲ್ಲ.

ಹೆದರಿದ್ದು ಬೇಕರಿಯವರು

ಬ್ರಿಟನ್ನಿನಲ್ಲಿ 2004ರಲ್ಲಿ ಟಿವಿ ಪರದೆ ಮೇಲೆ ಸಿಡ್ ಅನ್ನುವ ಹುಳು ಬಂತು. ಚಿಪ್ಪಿಲ್ಲದ ಬಸವನಹುಳು. ಮಳೆಗಾಲದಲ್ಲಿ ಬಚ್ಚಲ ಗೋಡೆ ಮೇಲೆ ಹರಿಯುವ ಅದರ ಮೇಲೆ ಉಪ್ಪು ಹಾಕಿದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಂಥ ಹುಳುವೇ ಬಂದು ಉಪ್ಪು ಜಾಸ್ತಿ ತಿನ್ನಬೇಡಿ ಅಂತ ಹೇಳಿತು. ಉಪ್ಪು ತಯಾರಕರ ಸಂಘ ಸಿಟ್ಟಾಗಿ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರು ಕೊಟ್ಟಿತು. ಯಾರಿಗಾದರೂ ಉರಿಯಿತು ಅಂದರೆ ಮಾತು ತಲುಪಿದೆ ಅಂತ ಲೆಕ್ಕ.

2000-01ರಲ್ಲಿ ಬ್ರಿಟನ್ನಿನ ದೊಡ್ಡವರು ದಿನಕ್ಕೆ ಸರಾಸರಿ 9.5 ಗ್ರಾಂ ಉಪ್ಪು ತಿನ್ನುತ್ತಿದ್ದರು. 2008ಕ್ಕೆ 8.6, 2011ಕ್ಕೆ 8.1. ಇದು ಮೂತ್ರ ಪರೀಕ್ಷೆಯ ಲೆಕ್ಕ, ಬಾಯಿ ಮಾತಲ್ಲ. ಹಾಗಾದರೆ ಸಿಡ್ ಗೆದ್ದನಾ? ಅರ್ಧ ಗೆದ್ದ. ಬ್ರಿಟನ್ನಿನವರು ತಿನ್ನುವ ಉಪ್ಪಿನಲ್ಲಿ ಸುಮಾರು ಮುಕ್ಕಾಲು ಪಾಲು ಅವರು ಕೈಯಾರೆ ಹಾಕಿಕೊಂಡದ್ದಲ್ಲ. ಬ್ರೆಡ್, ಕಾರ್ನ್‌ಫ್ಲೇಕ್ಸ್, ಸೂಪು, ಸಾಸೇಜ್‌ಗಳಲ್ಲಿ ಮೊದಲೇ ಸೇರಿರುವುದು. ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆಗೆ ಇದು ಗೊತ್ತಿತ್ತು. ಟಿವಿಯಲ್ಲಿ ಜನರಿಗೆ ಹೇಳುತ್ತಾ, ಒಳಗಿಂದ ಕಂಪನಿಗಳ ಜೊತೆ ಕೂತು ಯಾವ ತಿಂಡಿಯಲ್ಲಿ ಎಷ್ಟು ಉಪ್ಪು ಇಳಿಸಬೇಕು ಅಂತ ಗುರಿ ಬರೆಯಿಸಿಕೊಂಡಿತು. ಹತ್ತು ವರ್ಷದಲ್ಲಿ ಬ್ರೆಡ್ಡಿನ ಉಪ್ಪು ಸುಮಾರು 20% ಇಳಿಯಿತು. ಸ್ವಲ್ಪ ಸ್ವಲ್ಪವಾಗಿ ಇಳಿದದ್ದರಿಂದ ತಿನ್ನುವವರ ನಾಲಗೆಗೆ ಗೊತ್ತೇ ಆಗಲಿಲ್ಲ. ಜಾಹೀರಾತು ನೋಡಿದ ಜನ ಪ್ಯಾಕೆಟ್ ಹಿಂದೆ ಉಪ್ಪಿನ ಅಂಕಿ ಹುಡುಕತೊಡಗಿದರೆ ಕಂಪನಿಗೆ ಇರುಸುಮುರುಸು. ಆ ಇರುಸುಮುರುಸೇ ಸಿಡ್‌ನ ನಿಜವಾದ ಕೆಲಸ ಅಂತ ನನ್ನ ಅಂದಾಜು.

ಮೆಕ್ಸಿಕೋದಲ್ಲೂ ಹೀಗೇ ಒಂದು ಒಳದಾರಿ ಇತ್ತು. 2012-13ರಲ್ಲಿ ಅಲ್ಲಿನ ರಾಜಧಾನಿಯ ಮೆಟ್ರೋದಲ್ಲಿ ಒಂದು ಪೋಸ್ಟರ್ ಹಾಕಿದರು: 12 ಚಮಚ ಸಕ್ಕರೆಯನ್ನು ಹಾಗೇ ತಿನ್ನುತ್ತೀರಾ? ಮತ್ತೆ ಸೋಡಾ ಯಾಕೆ ಕುಡಿಯುತ್ತೀರಿ? ಅದರಿಂದಲೇ ಎಷ್ಟು ಜನ ಬಾಟಲಿ ಕೆಳಗಿಟ್ಟರೋ, ಆದರೆ ಸಕ್ಕರೆ ಪಾನೀಯಗಳಿಗೆ ತೆರಿಗೆ ಹಾಕಿ ಅನ್ನುವ ಬೇಡಿಕೆಗೆ ಬಲ ಬಂತು. 2014ರ ಜನವರಿಯಿಂದ ಲೀಟರಿಗೆ 1 ಪೆಸೋ ತೆರಿಗೆ ಬಿತ್ತು. ಖರೀದಿ ಮೊದಲ ವರ್ಷ 5.5%, ಎರಡನೇ ವರ್ಷ 9.7% ಇಳಿಯಿತು.

ನಮ್ಮಲ್ಲೂ 2023ರ ಏಪ್ರಿಲ್‌ನಲ್ಲಿ ಇಂಥದ್ದೊಂದು ಆಯಿತು, ಯಾವ ಸರ್ಕಾರಿ ಬಜೆಟ್ಟೂ ಇಲ್ಲದೆ. ಒಬ್ಬ ಯುವಕ ಬೋರ್ನ್‌ವಿಟಾದಲ್ಲಿ ಎಷ್ಟು ಸಕ್ಕರೆ ಇದೆ ಅಂತ ಒಂದು ಸಣ್ಣ ವಿಡಿಯೋ ಹಾಕಿದ. ಕಂಪನಿ ನೋಟಿಸ್ ಕಳಿಸಿತು, ಅವನು ವಿಡಿಯೋ ತೆಗೆದ. ಅಷ್ಟರಲ್ಲಿ ಅದು ಎಲ್ಲರ ಫೋನಿಗೂ ಬಂದಾಗಿತ್ತು. ಆ ವರ್ಷದ ಕೊನೆಗೆ ಕಂಪನಿ ಸೇರಿಸುವ ಸಕ್ಕರೆಯನ್ನು ಸುಮಾರು 14% ಇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು.

ದುಡ್ಡಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋಕಾ-ಕೋಲಾ ಕಂಪನಿಯೊಂದೇ ಜಗತ್ತಿನಾದ್ಯಂತ 2023ರಲ್ಲಿ ಜಾಹೀರಾತಿಗೆ ಸುರಿದದ್ದು ಸುಮಾರು 500 ಕೋಟಿ ಡಾಲರ್. ನುಗ್ಗೆಸೊಪ್ಪಿನ ಪರವಾಗಿ ಯಾರು ಸುರಿಯುತ್ತಾರೆ ಹೇಳಿ.

ಬೀಟ್‌ರೂಟ್‌ಗೆ ಇನ್ನೊಂದು ಹೆಸರು

'ಆರೋಗ್ಯಕ್ಕೆ ಒಳ್ಳೆಯದು' ಅನ್ನುವ ಮಾತಿಗೇ ಒಂದು ಶಾಪ ಇದೆ. ಹಾಗಂದ ಕೂಡಲೇ ರುಚಿ ಇರಲ್ಲ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಹಾಗಲಕಾಯಿ ಬಡಿಸುವಾಗ 'ಶುಗರ್‌ಗೆ ಒಳ್ಳೇದು' ಅಂದರೆ ತಟ್ಟೆ ಹಿಂದೆ ಸರಿಯುತ್ತದೆ. ಬೆಲ್ಲ ಹುಣಸೆಹಣ್ಣು ಹಾಕಿದ ಗೊಜ್ಜು ಅಂದರೆ ಮುಂದೆ ಬರುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕ್ಯಾಂಟೀನಿನಲ್ಲಿ ಇದನ್ನು ಪರೀಕ್ಷಿಸಿದರು. ಒಂದೇ ತರಕಾರಿ, ಒಂದೇ ಅಡುಗೆ, ದಿನಕ್ಕೊಂದು ಚೀಟಿ. ಒಂದು ದಿನ ಬರೀ 'ಬೀಟ್‌ರೂಟ್'. ಒಂದು ದಿನ ಅದರ ಆರೋಗ್ಯದ ಗುಣಗಳ ಹೊಗಳಿಕೆ. ಇನ್ನೊಂದು ದಿನ ಸಕ್ಕರೆ ಹಾಕಿಲ್ಲ ಅನ್ನುವ ಭರವಸೆ. ಮತ್ತೊಂದು ದಿನ 'ಡೈನಮೈಟ್ ಚಿಲಿ, ಹುಳಿ ನಿಂಬೆ ಹಚ್ಚಿದ ಬೀಟ್‌ರೂಟ್' ಅನ್ನುವ ಧಾಟಿ. 46 ದಿನ ನಡೆದ ಈ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾಯಿತು. ರುಚಿಯ ಹೆಸರಿಟ್ಟ ದಿನ ತರಕಾರಿ ಹಾಕಿಕೊಂಡವರು ಬರೀ ಹೆಸರಿದ್ದ ದಿನಕ್ಕಿಂತ 25% ಹೆಚ್ಚು. 'ಅದಿಲ್ಲ, ಇದಿಲ್ಲ' ಅಂತ ಬರೆದ ದಿನಕ್ಕಿಂತ 41% ಹೆಚ್ಚು. ಪಾತ್ರೆಯೊಳಗಿನ ಬೀಟ್‌ರೂಟ್ ಅದೇ. ನಮ್ಮ ದರ್ಶಿನಿಗಳ ಬೋರ್ಡಿನಲ್ಲಿ 'ಗರಿಗರಿ ಬೆಣ್ಣೆ ದೋಸೆ' ಅಂತ ಬರೆದು ಪಕ್ಕದಲ್ಲಿ 'ರಾಗಿ ದೋಸೆ' ಅಂತ ಮಾತ್ರ ಬರೆಯುವವರು ಇದನ್ನೊಮ್ಮೆ ಓದಬೇಕು.

ನಮ್ಮ ಅಡುಗೆಮನೆಗೆ ಯಾವ ಜಾಹೀರಾತು?

ಬ್ರಿಟನ್ನಿನ ಉಪ್ಪಿನ ಕಥೆಯನ್ನು ಹಾಗೇ ಇಲ್ಲಿಗೆ ತಂದರೆ ನಡೆಯಲ್ಲ. ನಮ್ಮ ಉಪ್ಪು ಬ್ರೆಡ್ಡಿನಿಂದ ಬರುವುದಕ್ಕಿಂತ ಜಾಸ್ತಿ ನಮ್ಮದೇ ಉಪ್ಪಿನ ಮರಿಗೆಯಿಂದ ಬರುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಒಂದು ಚಿಟಿಕೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ. ಬೇರೆಬೇರೆ ಅಧ್ಯಯನಗಳ ಪ್ರಕಾರ ಭಾರತೀಯರು ತಿನ್ನುವುದು 8ರಿಂದ 11 ಗ್ರಾಂ. ಇಲ್ಲಿ ಕಂಪನಿಯನ್ನು ಹೆದರಿಸಿದರೆ ಪೂರ್ತಿ ಸಾಲದು. ಒಗ್ಗರಣೆ ಹಾಕುವ ಕೈಗೇ ಹೇಳಬೇಕು.

ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಟ ರಾಜ್‌ಕುಮಾರ್ ರಾವ್ ಅವರನ್ನು ಇಟ್ಟುಕೊಂಡು 'ಆಜ್ ಸೆ ಥೋಡಾ ಕಮ್' ಅನ್ನುವ ಪ್ರಚಾರ ಮಾಡಿತು. ಇವತ್ತಿನಿಂದ ಸ್ವಲ್ಪ ಕಡಿಮೆ, ಉಪ್ಪು, ಸಕ್ಕರೆ, ಎಣ್ಣೆ ಮೂರೂ. ಮಾತು ಹಿತವಾಗಿದೆ, ಬೆದರಿಸುವುದಿಲ್ಲ. ನನ್ನ ತಕರಾರು ಒಂದೇ: ಸ್ವಲ್ಪ ಅಂದರೆ ಎಷ್ಟು? ಹಾಲಿನ ಡಬ್ಬದ ಹಾಗೆ ಕೈಯಲ್ಲಿ ಹಿಡಿಯಲು ಏನೂ ಸಿಗಲ್ಲ.

ಇದಕ್ಕೊಂದು ದಾರಿ ಉತ್ತರ ಚೀನಾದ ಚಾಂಗ್‌ಝಿ ಅನ್ನುವ ಊರಿನಲ್ಲಿ ಕಂಡಿತು. ಅಲ್ಲೂ ಉಪ್ಪು ಬರುವುದು ಮನೆಯ ಅಡುಗೆಯಿಂದಲೇ. 28 ಪ್ರಾಥಮಿಕ ಶಾಲೆ ಆರಿಸಿ, ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳಿಗೆ ಒಂದು ಸೆಮಿಸ್ಟರ್ ಉಪ್ಪಿನ ಪಾಠ ಮಾಡಿದರು, ಮನೆಗೆ ಹೋಗಿ ಹೇಳಿ ಅಂದರು. ಆಮೇಲೆ ಮಕ್ಕಳದ್ದೂ ಮನೆಯ ದೊಡ್ಡವರದ್ದೂ 24 ಗಂಟೆಯ ಮೂತ್ರ ಪರೀಕ್ಷೆ. ಪಾಠ ಇಲ್ಲದ ಶಾಲೆಗಳಿಗೆ ಹೋಲಿಸಿದರೆ ಮಕ್ಕಳ ಉಪ್ಪು ದಿನಕ್ಕೆ 1.9 ಗ್ರಾಂ ಇಳಿದಿತ್ತು, ದೊಡ್ಡವರದ್ದು 2.9 ಗ್ರಾಂ. ಸುಮಾರು ಕಾಲು ಭಾಗ! ಟಿವಿಯನ್ನು ಆಫ್ ಮಾಡಬಹುದು. ಊಟದ ಹೊತ್ತಿಗೆ ಎದುರು ಕೂತು 'ಅಜ್ಜಿ, ಮತ್ತೆ ಉಪ್ಪು ಹಾಕ್ಕೊಂಡ್ರಾ?' ಅನ್ನುವ ಹತ್ತು ವರ್ಷದ ಮಗುವನ್ನು ಏನು ಮಾಡುತ್ತೀರಿ?

ಇಷ್ಟೆಲ್ಲ ಓದಿದ ಮೇಲೆ ನಾನೂ ಒಂದು ಲೆಕ್ಕ ಹಾಕಿದೆ. ತಲೆಗೆ 5 ಗ್ರಾಂ, ಮನೆಯಲ್ಲಿ ನಾಲ್ಕು ಜನ, ದಿನಕ್ಕೆ 20 ಗ್ರಾಂ. ಅಂದರೆ ಒಂದು ಕಿಲೋ ಪ್ಯಾಕೆಟ್ ಕಡಿಮೆಯೆಂದರೂ 50 ದಿನ ಬರಬೇಕು. ಹೊರಗೆ ತಿಂದದ್ದು ಸೇರಿಸಿದರೆ ಇನ್ನೂ ಜಾಸ್ತಿ ದಿನ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೆದಿಟ್ಟೆ. ಪೋಸ್ಟರಿಗಿಂತ ಇದು ವಾಸಿ, ಅಡುಗೆ ಮಾಡುವವರ ಕಣ್ಣಿಗೆ ದಿನಾ ಬೀಳುತ್ತದೆ ಅಂದುಕೊಂಡೆ. ಪ್ಯಾಕೆಟ್ 33ನೇ ದಿನಕ್ಕೆ ಖಾಲಿ.

ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತಾರೀಖು ನೋಡಿದರು. 'ನಡುವೆ ಮಾವಿನ ಮಿಡಿ ಹಾಕಿದ್ನಲ್ಲೋ, ಅದನ್ನ ಕಳೆಯೋದು ಬೇಡ್ವಾ?' ಅಂದರು. ಮಿಡಿಗೆ ಕಲ್ಲುಪ್ಪು ಬೇರೆ ತಂದಿದ್ದೆವಲ್ಲ ಅಂದೆ. ಅವರು ಹೊಸ ಪ್ಯಾಕೆಟ್ ಕತ್ತರಿಸಿ ಮರಿಗೆಗೆ ಸುರಿದರು, ಖಾಲಿ ಕವರನ್ನು ಕಸದ ಬುಟ್ಟಿಗೆ ಹಾಕಿದರು. ತಾರೀಖು ಬರೆಯಲು ಈ ಸಲ ಜಾಗ ಇಲ್ಲ.